ಊರು ಹುಟ್ಟಿದ ಕಥೆ, ಊರಿನ ತಪ್ಪುಕಾಣಿಕೆ

ಬೆಂಗಳೂರಿನಲ್ಲಿ ಬಸವನಗುಡಿ ಎಂಬ ಬಡಾವಣೆ ಇರದ ಕಾಲದಲ್ಲಿ ಅಲ್ಲಿನ ಗುಡ್ಡದ ಬುಡದಲ್ಲಿದ್ದದ್ದು ಸುಂಕೇನಹಳ್ಳಿ. ಅದರ ಆಸುಪಾಸಿನಲ್ಲಿ ಗುಟ್ಟಹಳ್ಳಿ, ಮಾವಳ್ಳಿ, ದಾಸರಹಳ್ಳಿ. ಒಕ್ಕಲು ಮಕ್ಕಳು ಹೊಲದ ತುಂಬ ಕಡಲೆಕಾಯಿ ಹಾಕಿದ್ದರಂತೆ. ಕಾಯಿ ಬಲಿಯುವ ಹೊತ್ತಿಗೆ ಎಲ್ಲಿಂದಲೋ ಒಂದು ಬಸವ ಬಂದು ಹೊಲ ಮೇಯತೊಡಗಿತು. ಕಾದು ಕುಳಿತ ರೈತನೊಬ್ಬ ಸಿಟ್ಟಿನಲ್ಲಿ ದೊಣ್ಣೆ ಬೀಸಿದ. ಏಟು ಬಿದ್ದ ಬಸವ ಕೂತಲ್ಲೇ ಕಲ್ಲಾಯಿತು. ಅಷ್ಟಕ್ಕೇ ಮುಗಿಯಲಿಲ್ಲ, ಕಲ್ಲು ದಿನದಿನಕ್ಕೂ ಬೆಳೆಯತೊಡಗಿತು. ದಿಗಿಲುಬಿದ್ದ ಜನ ಶಿವನಿಗೆ ಮೊರೆಯಿಟ್ಟು, ಅದರ ನೆತ್ತಿಗೆ ತ್ರಿಶೂಲ ಊರಿದ ಮೇಲೆ ಬೆಳವಣಿಗೆ ನಿಂತಿತು. ಮೊದಲ ಫಸಲು ನಿನಗೇ ಎಂದು ಹರಕೆ ಹೊತ್ತರು. ಕಾರ್ತಿಕ ಮಾಸದ ಕಡೇ ಸೋಮವಾರ ಬುಲ್ ಟೆಂಪಲ್ ರಸ್ತೆಯ ಎರಡೂ ಬದಿಗೆ ರಾಶಿ ಬೀಳುವ ಕಡಲೆಕಾಯಿಗೆ ಇದು ಮೂಲಕಥೆ.

ಕಡಲೆಕಾಯಿ ಪರಿಷೆಯ ವರದಿಗಳಲ್ಲಿ ಈ ಕಥೆ ಪ್ರತಿ ವರ್ಷ ನಾಲ್ಕು ಸಾಲಿನಲ್ಲಿ ಬಂದು ಹೋಗುತ್ತದೆ. ನನಗೆ ಮಾತ್ರ ಅದರಲ್ಲಿ ಬಸವನಿಗಿಂತ ಆ ರೈತನೇ ದೊಡ್ಡವನಾಗಿ ಕಾಣುತ್ತಾನೆ. ಅವನು ಕೆಟ್ಟವನಲ್ಲ. ಬೆಳೆ ಉಳಿಸಿಕೊಳ್ಳಲು ಕೈಯೆತ್ತಿದವನು. ಆದರೂ ಕಥೆ ಅವನ ಏಟನ್ನು ಮುಚ್ಚಿಡುವುದಿಲ್ಲ. ದೇವರು ಪ್ರತ್ಯಕ್ಷನಾಗಿ ವರ ಕೊಟ್ಟ ಎನ್ನುವ ಬದಲು, ನಾವು ಹೊಡೆದೆವು, ಅದಕ್ಕೇ ಕೊಡುತ್ತಿದ್ದೇವೆ ಎನ್ನುತ್ತದೆ. ನಮ್ಮ ಹಳ್ಳಿಗಳಲ್ಲಿ ಇದಕ್ಕೆ ತಪ್ಪುಕಾಣಿಕೆ ಎನ್ನುತ್ತಾರೆ. ಊರು ಹುಟ್ಟಿದ ಕಥೆಗಳನ್ನೆಲ್ಲ ಹೀಗೆಯೇ ಓದಬೇಕು ಎಂಬುದು ನನ್ನ ನಂಬಿಕೆ. ಅವು ಊರಿನ ಹೆಗ್ಗಳಿಕೆಯನ್ನು ಹಾಡುತ್ತವೆ, ನಿಜ. ಆದರೆ ಊರು ಎದ್ದು ನಿಲ್ಲಲು ಯಾರಿಗೆ ಏಟು ಬಿತ್ತು, ಯಾರ ಪ್ರಾಣ ಹೋಯಿತು ಎಂಬ ಲೆಕ್ಕವನ್ನೂ ಅವು ಬಿಡದೆ ಇಟ್ಟುಕೊಂಡು ಬರುತ್ತವೆ. ಬೆಂಗಳೂರಿನ ಕಥೆಗಳನ್ನು ರೋಮ್ ನಗರದ ಕಥೆಗಳ ಪಕ್ಕದಲ್ಲಿಟ್ಟರೆ ಇದು ಇನ್ನೂ ನಿಚ್ಚಳವಾಗುತ್ತದೆ.

ಮೊದಲು ಕಾಲದ ಲೆಕ್ಕ. ಸುಮಾರು 15 ಅಡಿ ಎತ್ತರ, 20 ಅಡಿ ಉದ್ದದ ಏಕಶಿಲೆಯ ಬಸವನಿಗೆ ಗುಡಿ ಕಟ್ಟಿಸಿದವರು ಯಲಹಂಕ ನಾಡಪ್ರಭು ಕೆಂಪೇಗೌಡರು ಎಂಬುದು ಪ್ರತೀತಿ; ಅವರು ಬೆಂಗಳೂರು ಪೇಟೆ ಕಟ್ಟಿದ್ದು 1537ರಲ್ಲಿ. ಕಡಲೆಕಾಯಿಯಾದರೋ ದಕ್ಷಿಣ ಅಮೆರಿಕದ ಬೆಳೆ. ಪೋರ್ಚುಗೀಸರ ಹಡಗುಗಳು ಸಾಗರ ದಾಟಿ ಓಡಾಡತೊಡಗಿದ ಮೇಲೆ ನಮ್ಮ ಕಡೆ ಬಂದದ್ದು. ದಕ್ಷಿಣ ಭಾರತದ ಬಯಲುಸೀಮೆಯಲ್ಲಿ ಅದು ರೈತನ ಕೈಗೆ ಕಾಸು ತರುವ ದೊಡ್ಡ ಬೆಳೆಯಾದದ್ದು ಹತ್ತೊಂಬತ್ತನೇ ಶತಮಾನದಲ್ಲಿ. ಅಂದಮೇಲೆ ಕೆಂಪೇಗೌಡರ ಕಾಲದ ಸುಂಕೇನಹಳ್ಳಿಯಲ್ಲಿ ಹೊಲಗಟ್ಟಲೆ ಕಡಲೆಕಾಯಿ ಇದ್ದೀತೆಂದು ನಂಬುವುದು ಕಷ್ಟ. ಇದರಿಂದ ಕಥೆ ಸುಳ್ಳಾಯಿತೆಂದು ಯಾರೂ ಬೇಸರಪಡಬೇಕಿಲ್ಲ. ಬಸವ ಹಳಬ, ಕಾಯಿ ಹೊಸದು. ಹೊಸ ಬೆಳೆ ಬಂದಾಗ ರೈತರು ಅದನ್ನು ಹಳೆಯ ದೇವರ ಪಾದಕ್ಕೆ ತಂದಿಟ್ಟು, ಅದಕ್ಕೊಂದು ಕಾರಣ ಹೇಳಿಕೊಂಡರು. ಊರಿನ ಮೂಲಕಥೆ ಊರು ಹುಟ್ಟಿದ ದಿನ ಹುಟ್ಟುವುದಿಲ್ಲ. ಬೇಕಾದವರು ಬೇಕಾದ ಕಾಲಕ್ಕೆ ಕಟ್ಟಿಕೊಳ್ಳುತ್ತಾರೆ. ರೋಮಿನದೂ ಅದೇ ಪಾಡು. ವಾರೊ ಎಂಬ ಪಂಡಿತ ಹಾಕಿದ ಲೆಕ್ಕದಂತೆ ರೋಮ್ ಹುಟ್ಟಿದ್ದು ಕ್ರಿ.ಪೂ. 753ರಲ್ಲಿ, ದಿನ ಏಪ್ರಿಲ್ 21, ಕುರಿಗಾಹಿಗಳ ಹಬ್ಬ. ಆ ಕಥೆಯನ್ನು ನಾವು ಇಂದು ಓದುವ ರೂಪದಲ್ಲಿ ಬರೆದ ಲಿವಿ ಬದುಕಿದ್ದು ಅದಾಗಿ ಏಳು ಶತಮಾನ ಕಳೆದ ಮೇಲೆ.

ಬೆಂಗಳೂರಿಗೆ ಹೆಸರು ಬಂದದ್ದು ಹೇಗೆಂದು ಹೇಳುವ ಬೆಂದಕಾಳಿನ ಕಥೆಯಲ್ಲೂ ಇದೇ ತೊಡಕು. ಬೇಟೆಯಲ್ಲಿ ದಾರಿ ತಪ್ಪಿದ ಹೊಯ್ಸಳ ದೊರೆ ವೀರಬಲ್ಲಾಳನಿಗೆ ಅಜ್ಜಿಯೊಬ್ಬಳು ಬೇಯಿಸಿದ ಕಾಳು ಕೊಟ್ಟು ಹಸಿವು ತಣಿಸಿದಳು ಎನ್ನುತ್ತದೆ ಅದು. ಬೇಗೂರಿನ ನಾಗೇಶ್ವರ ದೇವಾಲಯದ ವೀರಗಲ್ಲಾದರೋ ಬಲ್ಲಾಳನಿಗಿಂತ ಮೂರು ಶತಮಾನ ಹಳೆಯದು. ಸುಮಾರು ಕ್ರಿ.ಶ. 890ರ ಆ ಕಲ್ಲಿನಲ್ಲಿ ಬೆಂಗಳೂರು ಕಾಳಗದ ಮಾತಿದೆ, ಅದರಲ್ಲಿ ಮಡಿದ ನಾಗತ್ತರನ ಮಗನ ನೆನಪಿದೆ. ಊರಿನ ಹೆಸರು ಮೊದಲು ಕಲ್ಲಿಗೆ ಬಂದದ್ದೇ ಒಂದು ಸಾವಿನ ಜೊತೆ. ಅಜ್ಜಿಯ ಕಥೆಯನ್ನು ಮಕ್ಕಳಿಗೆ ಹೇಳುವ ನಾವು ಈ ಕಲ್ಲನ್ನೂ ಅವರಿಗೆ ತೋರಿಸಬೇಕು.

ಇನ್ನು ನೇಗಿಲ ಕಥೆ. ಕೆಂಪೇಗೌಡರು ಒಳ್ಳೆಯ ಮುಹೂರ್ತ ನೋಡಿ, ಇಂದಿನ ಅವೆನ್ಯೂ ರಸ್ತೆ ಮತ್ತು ಚಿಕ್ಕಪೇಟೆ ಕೂಡುವ ಜಾಗದಲ್ಲಿ ಬಿಳಿ ಎತ್ತುಗಳನ್ನು ಹೂಡಿದ ನಾಲ್ಕು ನೇಗಿಲು ನಿಲ್ಲಿಸಿ, ನಾಲ್ಕು ದಿಕ್ಕಿಗೆ ಹೊಡೆಸಿದರಂತೆ. ಉತ್ತ ಸಾಲುಗಳೇ ಬೀದಿಗಳಾದವು. ಯಲಹಂಕ ಬಾಗಿಲಿನಿಂದ ತೆಂಕಣ ಕೋಟೆಯ ಕಡೆಗೆ ದೊಡ್ಡಪೇಟೆ, ಹಲಸೂರು ಬಾಗಿಲಿನಿಂದ ಸೊಂಡೆಕೊಪ್ಪದ ಬಾಗಿಲಿಗೆ ಚಿಕ್ಕಪೇಟೆ. ಸುತ್ತ ಮಣ್ಣಿನ ಕೋಟೆ, ಕಂದಕ. ಒಳಗೆ ಬಳೇಪೇಟೆ, ಅಕ್ಕಿಪೇಟೆ, ಅರಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ಉಪ್ಪಾರಪೇಟೆ, ತಿಗಳರಪೇಟೆ, ನಗರ್ತಪೇಟೆ.

ರೋಮಿನಲ್ಲೂ ನೇಗಿಲಿನಿಂದಲೇ ಆರಂಭ. ಗ್ರೀಕ್ ಲೇಖಕ ಪ್ಲುಟಾರ್ಕ್ ಹೇಳುವಂತೆ, ಆ ಊರು ಕಟ್ಟಿದ ರೊಮುಲಸ್ ಕಂಚಿನ ಗುಳ ತೊಡಿಸಿದ ನೇಗಿಲಿಗೆ ಒಂದು ಗೂಳಿ, ಒಂದು ಹಸು ಕಟ್ಟಿ ಊರ ಸುತ್ತ ಆಳವಾದ ಸಾಲು ಹೊಡೆದ. ಹಿಂದೆ ಬರುವವರು ಎದ್ದ ಹೆಂಟೆಗಳನ್ನೆಲ್ಲ ಊರ ಒಳಮಗ್ಗುಲಿಗೆ ತಿರುವಿ ಹಾಕಬೇಕು, ಒಂದೂ ಹೊರಕ್ಕೆ ಬೀಳಬಾರದು. ಬಾಗಿಲು ಬರುವ ಕಡೆ ಮಾತ್ರ ನೇಗಿಲು ಎತ್ತಿ ಹಿಡಿದು ದಾಟಿಸಬೇಕು. ಸಾಲು ಮೊದಲಾದದ್ದು ಎಲ್ಲಿಂದ ಎಂಬುದನ್ನು ರೋಮನ್ ಇತಿಹಾಸಕಾರ ಟ್ಯಾಸಿಟಸ್ ಬರೆದಿಟ್ಟಿದ್ದಾನೆ: ದನದ ಸಂತೆಯ ಬಯಲಿನಿಂದ. ತನ್ನ ಕಾಲದಲ್ಲೂ ಅಲ್ಲಿ ಕಂಚಿನ ಗೂಳಿಯ ಪ್ರತಿಮೆ ಇತ್ತೆಂದೂ, ನೇಗಿಲಿಗೆ ಹೂಡುವ ಪ್ರಾಣಿ ಎಂಬುದೇ ಅದಕ್ಕೆ ಕಾರಣವೆಂದೂ ಹೇಳುತ್ತಾನೆ. ಊರನ್ನು ಉತ್ತ ಎತ್ತಿಗೆ ಊರಲ್ಲೊಂದು ಪ್ರತಿಮೆ. ನಮ್ಮದು ಕಲ್ಲು, ಅವರದು ಕಂಚು.

ನೇಗಿಲಿನ ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ. ರೊಮುಲಸ್‌ನ ಸಾಲು ಊರನ್ನು ಸುತ್ತುವರಿಯಿತು. ಕೆಂಪೇಗೌಡರ ಸಾಲುಗಳು ಊರ ನಡುವಿನಿಂದ ಹೊರಕ್ಕೆ ಹೋದವು. ಅಲ್ಲಿನ ನೇಗಿಲು ಎಳೆದದ್ದು ಎಲ್ಲೆ, ಇಲ್ಲಿನದು ಎಳೆದದ್ದು ಬೀದಿ. ರೋಮಿನ ಕಥೆಯ ಮೊದಲ ಪ್ರಶ್ನೆ ಒಳಗಿರುವವರು ಯಾರು, ಹೊರಗಿರುವವರು ಯಾರು ಎಂಬುದು. ಬೆಂಗಳೂರಿನ ಕಥೆಯ ಮೊದಲ ಪ್ರಶ್ನೆ ನೇಕಾರ ಎಲ್ಲಿ ಕೂರಬೇಕು, ಬಳೆಗಾರ ಎಲ್ಲಿ ಅಂಗಡಿ ತೆರೆಯಬೇಕು ಎಂಬುದು. ಜನರನ್ನು ಸೇರಿಸಿದ ಬಗೆಯೂ ಬೇರೆ. ರೊಮುಲಸ್ ಗುಡ್ಡದ ಮೇಲೆ ಆಶ್ರಯತಾಣ ತೆರೆದು, ಓಡಿಬಂದವರನ್ನು ದಾಸ ಯಾರು ಸ್ವತಂತ್ರ ಯಾರು ಎಂದು ಕೇಳದೆ ಸೇರಿಸಿಕೊಂಡ ಎನ್ನುತ್ತಾನೆ ಲಿವಿ. ಹೆಣ್ಣುಗಳೇ ಇಲ್ಲದ ಆ ಊರಿಗೆ ನೆರೆಯ ಸೇಬೈನರ ಹೆಣ್ಣುಮಕ್ಕಳನ್ನು ಹಬ್ಬದ ನೆವದಲ್ಲಿ ಕರೆದು ಹೊತ್ತೊಯ್ದರು. ಕೆಂಪೇಗೌಡರು ಕಸುಬಿನವರನ್ನೂ ವರ್ತಕರನ್ನೂ ಕರೆಸಿ ನೆಲೆ ಕೊಟ್ಟರು. ದೊಡ್ಡಪೇಟೆಯಲ್ಲಿ ಇಂದಿಗೂ ಒಂದೊಂದು ಓಣಿಗೆ ಒಂದೊಂದು ಸರಕು ಇರುವುದು ಆ ಏರ್ಪಾಡಿನ ಉಳಿಕೆಯೇ.

ಪ್ಲುಟಾರ್ಕ್‌ನ ವರ್ಣನೆಯಲ್ಲಿ ಇನ್ನೊಂದು ಸಂಗತಿಯಿದೆ. ಸಾಲು ಹೊಡೆಯುವ ಮೊದಲು ದುಂಡನೆಯ ಗುಂಡಿ ತೋಡಿ ಅದರಲ್ಲಿ ಮೊದಲ ಫಲಗಳನ್ನು ಹಾಕಿದರು. ಬಂದವರೆಲ್ಲ ತಮ್ಮ ತಮ್ಮ ಊರಿನ ಹಿಡಿಮಣ್ಣು ತಂದು ಅದರೊಳಗೆ ಸುರಿದು ಬೆರೆಸಿದರು. 2022ರ ನವೆಂಬರ್ 11ರಂದು ಬೆಂಗಳೂರು ವಿಮಾನ ನಿಲ್ದಾಣದ ಬಳಿ ಕೆಂಪೇಗೌಡರ 108 ಅಡಿಯ ಪ್ರತಿಮೆ ಅನಾವರಣಗೊಳ್ಳುವ ಮುಂಚೆ ನಾಡಿನ ಊರೂರುಗಳಿಂದ ಪವಿತ್ರ ಮೃತ್ತಿಕೆ ಎಂದು ಮಣ್ಣು ಸಂಗ್ರಹಿಸಿ ತಂದರು. ಪ್ಲುಟಾರ್ಕ್‌ನನ್ನು ಓದಿ ಹೊಳೆದದ್ದಲ್ಲ ಅದು. ಬೇರೆ ಬೇರೆ ಕಡೆಯಿಂದ ಬಂದವರ ಊರು ತಾನೊಂದೇ ಊರು ಎಂದು ತೋರಿಸಿಕೊಳ್ಳಬೇಕಾದಾಗ ಎರಡು ಸಾವಿರ ವರ್ಷ ಕಳೆದರೂ ಕೈ ಮಣ್ಣಿಗೇ ಹೋಗುತ್ತದೆ.

ಮೂಲಕಥೆಗಳನ್ನು ಸಾಲ ತರುವುದೂ ಉಂಟು. ಬೇಟೆಗೆ ಹೋದ ಕೆಂಪೇಗೌಡರ ಎದುರಿಗೆ ಮೊಲವೊಂದು ತಿರುಗಿ ನಿಂತು ಬೇಟೆನಾಯಿಯನ್ನೇ ಅಟ್ಟಿಸಿಕೊಂಡು ಹೋಯಿತು, ಇದು ಗಂಡುಭೂಮಿ ಎಂದು ಅವರು ಅಲ್ಲೇ ಊರು ಕಟ್ಟಲು ನಿಶ್ಚಯಿಸಿದರು ಎಂಬ ಕಥೆ ನಮಗೆಲ್ಲ ಗೊತ್ತು. ಇದೇ ಮೊಲ ಹಂಪೆಯಲ್ಲೂ ನಾಯಿಯನ್ನು ಅಟ್ಟಿದೆ. ಹದಿನಾರನೇ ಶತಮಾನದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಆ ಊರಿನ ಹುಟ್ಟಿನ ಕಥೆಯಾಗಿ ಅದನ್ನು ಬರೆದಿದ್ದಾನೆ. ಅಹಮದಾಬಾದಿನಲ್ಲೂ ಅದೇ ಮೊಲದ ಕಥೆ ಹೇಳುತ್ತಾರೆ. ಕೆಂಪೇಗೌಡರು ವಿಜಯನಗರದ ಸಾಮಂತರು, ಊರು ಕಟ್ಟಲು ಅಚ್ಯುತದೇವರಾಯನ ಅಪ್ಪಣೆ ಪಡೆದವರು. ಸ್ವಂತ ನಾಣ್ಯ ಟಂಕಿಸಿದ್ದಕ್ಕೆ ಆನೆಗೊಂದಿಯಲ್ಲಿ ಸೆರೆವಾಸವನ್ನೂ ಕಂಡರು. ಅರಸನ ಊರಿನ ಶಕುನವೇ ಸಾಮಂತನ ಊರಿಗೂ ಸಿಕ್ಕಿತು ಎಂದರೆ ಈ ಊರೂ ಅದಕ್ಕೇನು ಕಡಿಮೆಯಲ್ಲ ಎಂದಂತೆ. ರೋಮನ್ನರು ಮಾಡಿದ್ದೂ ಅದನ್ನೇ. ಗ್ರೀಕರ ಮಹಾಕಾವ್ಯದ ಟ್ರಾಯ್ ಪಟ್ಟಣ ಸುಟ್ಟು ಬೂದಿಯಾದಾಗ ಮುದಿ ತಂದೆಯನ್ನು ಹೆಗಲ ಮೇಲೆ ಹೊತ್ತು ಓಡಿಬಂದ ಈನಿಯಸ್ ನಮ್ಮ ಮೂಲಪುರುಷ ಎಂದರು; ಆಗಸ್ಟಸ್ ಚಕ್ರವರ್ತಿಯ ಕಾಲದಲ್ಲಿ ವರ್ಜಿಲ್ ಅದನ್ನು ಮಹಾಕಾವ್ಯವಾಗಿಸಿದ.

ಓಡಿಬಂದ ಹಿರಿಯರ ಕಥೆ ಕೆಂಪೇಗೌಡರ ಮನೆತನಕ್ಕೂ ಇದೆ. ಕಂಚಿಯ ಸೀಮೆಯಲ್ಲಿದ್ದ ರಣಭೈರೇಗೌಡನ ಮಗಳ ಮೇಲೆ ಅಲ್ಲಿನ ಪಾಳೆಯಗಾರನ ಕಣ್ಣುಬಿತ್ತು. ಮಾನ ಉಳಿಸಿಕೊಳ್ಳಲು ಒಕ್ಕಲು ಕುಟುಂಬಗಳು ರಾತ್ರೋರಾತ್ರಿ ಬಂಡಿ ಕಟ್ಟಿಕೊಂಡು ಹೊರಟವು. ತುಂಬಿ ಹರಿಯುತ್ತಿದ್ದ ಪಾಲಾರ್ ಅವರಿಗೆ ದಾರಿ ಬಿಟ್ಟಿತು. ನಂದಿಬೆಟ್ಟದ ಸೀಮೆಗೆ ಬಂದು ಆವತಿಯಲ್ಲಿ ನೆಲೆಸಿದರು. ಈನಿಯಸ್ ದೇವತೆಯ ಮಗ. ಅವನು ಹೊತ್ತು ತಂದದ್ದು ಮನೆದೇವರುಗಳನ್ನು. ಭೈರೇಗೌಡ ಬೇಸಾಯಗಾರ, ಅವನು ಬಂಡಿಯಲ್ಲಿ ಕರೆತಂದದ್ದು ಮಗಳನ್ನು. ಎರಡರಲ್ಲಿ ನನ್ನ ಮನಸ್ಸಿಗೆ ಹತ್ತಿರವಾದದ್ದು ಯಾವುದೆಂದು ಬೇರೆ ಹೇಳಬೇಕಿಲ್ಲ.

ಮಗಳ ಮಾನಕ್ಕಾಗಿ ಊರನ್ನೇ ಬಿಟ್ಟು ಬಂದವರ ಮನೆತನ ಸೊಸೆಯ ಪ್ರಾಣದ ಮೇಲೆ ಕೋಟೆ ಕಟ್ಟಿತು ಎಂಬುದು ಮುಂದಿನ ಕಥೆ. ಕೋಟೆಯ ತೆಂಕಣ ಹೆಬ್ಬಾಗಿಲು ಹಗಲು ಕಟ್ಟಿದರೆ ಇರುಳು ಬೀಳುತ್ತಿತ್ತು. ತುಂಬಿದ ಬಸುರಿಯನ್ನು ಬಲಿ ಕೊಡಬೇಕು ಎಂದರು ಹೇಳಿಕೆಯವರು. ಕೆಂಪೇಗೌಡರು ಒಪ್ಪಲಿಲ್ಲ. ಮಾವನ ಸಂಕಟ ನೋಡಲಾರದೆ ಬಸುರಿ ಸೊಸೆ ಲಕ್ಷ್ಮಮ್ಮ ನಟ್ಟಿರುಳಲ್ಲಿ ಹೆಬ್ಬಾಗಿಲ ಬಳಿಗೆ ಹೋಗಿ ತನ್ನ ಕತ್ತನ್ನು ತಾನೇ ಕತ್ತರಿಸಿಕೊಂಡಳು. ಬಾಗಿಲು ನಿಂತಿತು. ಕೋರಮಂಗಲದಲ್ಲಿ ಅವಳ ಸಮಾಧಿಯೆಂದು ಜನ ಕೈಮುಗಿಯುವ ಜಾಗವಿದೆ.

ಕನ್ನಡಿಗರಿಗೆ ಇದು ಕೇಳಿದಂತಿದೆ ಅನ್ನಿಸಿದರೆ ಅಚ್ಚರಿಯಿಲ್ಲ. ನೀರು ಬಾರದ ಕೆರೆಗೆ ಹಾರವಾದ ಭಾಗೀರಥಿಯೂ ಕಿರಿಸೊಸೆಯೇ. ಕೆರೆಗೋ ಕೋಟೆಗೋ ಪ್ರಾಣ ಬೇಕೆಂದಾಗ ಕಥೆ ಗಂಡುಮಕ್ಕಳನ್ನು ದಾಟಿ, ಹೆಣ್ಣುಮಕ್ಕಳನ್ನೂ ದಾಟಿ, ಬೇರೆ ಮನೆಯಿಂದ ಬಂದವಳ ಹತ್ತಿರ ಹೋಗಿ ನಿಲ್ಲುತ್ತದೆ. ಕೊಲ್ಲುವ ಕೈ ಮನೆಯವರದಾಗಬಾರದೆಂದು ಲಕ್ಷ್ಮಮ್ಮನ ಕೈಗೇ ಕತ್ತಿ ಕೊಡುತ್ತದೆ. ಮೊರಸು ಒಕ್ಕಲಿಗರಲ್ಲಿ ಹೆಣ್ಣುಮಕ್ಕಳ ಕೈಯ ಎರಡು ಬೆರಳು ಕತ್ತರಿಸುವ ಪದ್ಧತಿಯೊಂದಿತ್ತು. 1800ರಲ್ಲಿ ಈ ಸೀಮೆಯಲ್ಲಿ ಸುತ್ತಾಡಿದ ಬುಕಾನನ್‌ನಂಥವರು ಅದನ್ನು ದಾಖಲಿಸಿದ್ದಾರೆ. ಅದನ್ನು ನಿಲ್ಲಿಸಲು ಹೊರಟವರು ಕೆಂಪೇಗೌಡರೇ ಎಂದು ಜನ ಇಂದಿಗೂ ನೆನೆಯುತ್ತಾರೆ. ಬೆರಳು ಉಳಿಸಿದವನೆಂದು ಹೆಸರಾದ ದೊರೆಯ ಮನೆಯಲ್ಲೇ ಒಂದು ಹೆಣ್ಣಿನ ಕತ್ತು ಹೋಯಿತು ಎಂದು ಜನ ಕಥೆ ಹೇಳಿದರಲ್ಲ, ಅವರು ಅರಿಯದೆ ಹೇಳಿದ್ದಲ್ಲ. ಲಕ್ಷ್ಮಮ್ಮನನ್ನು ತ್ಯಾಗಮಯಿ ಎಂದು ಹೊಗಳಿ ಮುಂದೆ ಹೋಗುವುದು ಸುಲಭ. ಅವಳ ಹತ್ತಿರ ಯಾರೂ ಏನನ್ನೂ ಕೇಳಲಿಲ್ಲ, ಆದರೂ ಅವಳು ಕೊಡಬೇಕಾಯಿತು ಎಂಬಲ್ಲಿ ನಿಂತು ಯೋಚಿಸುವುದು ಕಷ್ಟ. ಕಥೆ ನಮ್ಮನ್ನು ನಿಲ್ಲಿಸಬೇಕಾದದ್ದು ಅಲ್ಲಿಯೇ.

ರೋಮಿನ ಗೋಡೆಯ ಬುಡದಲ್ಲಿ ಬಿದ್ದದ್ದು ಅಣ್ಣತಮ್ಮಂದಿರಲ್ಲಿ ಒಬ್ಬ. ತೋಳದ ಹಾಲು ಕುಡಿದು ಒಟ್ಟಿಗೇ ಬೆಳೆದ ಅವಳಿಗಳಲ್ಲಿ ರೀಮಸ್, ಇನ್ನೂ ಎತ್ತರಕ್ಕೆ ಏಳದ ಗೋಡೆಯನ್ನು ಹೀಯಾಳಿಸಿ ಹಾರಿದ; ರೊಮುಲಸ್ ಅವನನ್ನು ಕೊಂದ. ಕವಿ ಓವಿಡ್‌ಗೆ ಇದನ್ನು ಹಾಗೆಯೇ ಬಿಡಲು ಮನಸ್ಸಾಗಲಿಲ್ಲ. ಅವನ ಕಥೆಯಲ್ಲಿ ಕೊಲ್ಲುವವನು ಕಾವಲಿಗಿದ್ದ ಕೆಲರ್, ಗುದ್ದಲಿಯ ಏಟಿನಿಂದ. ಆ ಇರುಳು ರೀಮಸ್‌ನ ರಕ್ತಸಿಕ್ತ ನೆರಳು ತನ್ನನ್ನು ಸಾಕಿದ ಕುರುಬ ಫಾಸ್ಟುಲಸ್ ಮತ್ತು ಅವನ ಹೆಂಡತಿ ಆಕ್ಕಾಳ ಹಾಸಿಗೆಯ ಬಳಿ ಬಂದು ನಿಂತು, ನನ್ನ ಹೆಸರಿಗೊಂದು ದಿನ ಕೊಡಿಸಿ ಎಂದು ಬೇಡುತ್ತದೆ. ರೊಮುಲಸ್ ಒಪ್ಪುತ್ತಾನೆ. ಅದೇ ಮೇ ತಿಂಗಳ 9, 11 ಮತ್ತು 13ರಂದು ರೋಮನ್ನರು ಆಚರಿಸುತ್ತಿದ್ದ ಲೆಮೂರಿಯಾ ಎನ್ನುತ್ತಾನೆ ಓವಿಡ್. ನಡುರಾತ್ರಿ ಮನೆಯ ಯಜಮಾನ ಬರಿಗಾಲಿನಲ್ಲಿ ಎದ್ದು, ಕೈತೊಳೆದು, ಮುಖ ತಿರುಗಿಸಿ ಹಿಂದಕ್ಕೆ ಕರಿ ಅವರೆಯಂಥ ಕಾಳುಗಳನ್ನು ಎಸೆಯುತ್ತಾ ಹೋಗುತ್ತಾನೆ. ನನ್ನನ್ನೂ ನನ್ನವರನ್ನೂ ಈ ಕಾಳು ಕೊಟ್ಟು ಬಿಡಿಸಿಕೊಳ್ಳುತ್ತಿದ್ದೇನೆ ಎಂದು ಒಂಬತ್ತು ಸಲ ಹೇಳುತ್ತಾನೆ. ಹಿಂದೆ ತಿರುಗಿ ನೋಡುವಂತಿಲ್ಲ. ನೆರಳುಗಳು ಬಂದು ಕಾಳು ಆಯ್ದುಕೊಳ್ಳುತ್ತಿರುತ್ತವೆ.

ಇದನ್ನು ಓದುವಾಗ ಬಸವನಗುಡಿಯ ಪರಿಷೆ ನೆನಪಾಗದೆ ಇರುವುದು ಸಾಧ್ಯವಿಲ್ಲ. ಚಿಂತಾಮಣಿ, ಶ್ರೀನಿವಾಸಪುರ, ಕೋಲಾರ, ಮಾಗಡಿ ಕಡೆಯಿಂದಲೂ ಗಡಿಯಾಚೆಯ ತಮಿಳು, ತೆಲುಗು ಸೀಮೆಗಳಿಂದಲೂ ಬಂದ ಮೂಟೆಗಳು. ಹಸಿಕಾಯಿ, ಬೇಯಿಸಿದ ಕಾಯಿ, ಹುರಿದ ಕಾಯಿ, ಸೇರಿನ ಲೆಕ್ಕ, ಬೆಂಡು ಬತ್ತಾಸು, ಕಲ್ಯಾಣಸೇವೆ, ಪುರಿ. ರೋಮಿನವರದು ನಡುರಾತ್ರಿಯ ಭಯದ ಕಾಣಿಕೆ, ನಮ್ಮದು ಹಗಲು ಬೆಳಕಿನ ಜಾತ್ರೆ. ಆದರೆ ಎರಡು ಕಡೆಯೂ ಒಂದು ಏಟಿದೆ, ಏಟಿಗೆ ಪ್ರತಿಯಾಗಿ ಅರಮನೆಯ ಚಿನ್ನವಲ್ಲ, ಯಾರ ಮನೆಯಲ್ಲೂ ಇರುವ ಹಿಡಿ ಕಾಳಿದೆ. ಕೊಡಬೇಕಾದವರು ದೊರೆಗಳಲ್ಲ, ಊರಲ್ಲಿ ವಾಸ ಮಾಡುವವರೆಲ್ಲರೂ. ಈಚಿನ ವರ್ಷಗಳಲ್ಲಿ ಮಲ್ಲೇಶ್ವರದ ಕಾಡುಮಲ್ಲೇಶ್ವರನ ಸನ್ನಿಧಿಯಲ್ಲೂ ಕಡಲೆಕಾಯಿ ಪರಿಷೆ ನಡೆಯುತ್ತಿದೆ. ಅಲ್ಲಿ ಯಾರೂ ಬಸವನನ್ನು ಹೊಡೆದ ಕಥೆಯಿಲ್ಲ. ಹಾಗಿದ್ದೂ ಆಚರಣೆ ಊರ ಬಡಗಣ ಮಗ್ಗುಲಿಗೂ ಹೋಗಿದೆ.

ಎಲ್ಲೆಯ ಮಾತಿಗೆ ಬರೋಣ. ಬೆಂಗಳೂರಿಗೂ ಎಲ್ಲೆ ಹಾಕಿದವರಿದ್ದಾರೆ. ಲಾಲ್‌ಬಾಗಿನ ಬಂಡೆಯ ಮೇಲೆ, ಚಾಮರಾಜಪೇಟೆಗೂ ಗವಿಪುರಕ್ಕೂ ಹತ್ತಿರದ ಕೆಂಪಾಂಬುಧಿ ಕೆರೆಯ ಬಳಿ, ಹಲಸೂರು ಕೆರೆಯ ಹತ್ತಿರ, ಮೇಖ್ರಿ ವೃತ್ತದ ಪಕ್ಕ, ಹೀಗೆ ನಾಲ್ಕು ಗೋಪುರಗಳು. ಹಿರಿಯ ಕೆಂಪೇಗೌಡರು ನೆಡಿಸಿದ್ದೆಂದು ಕೆಲವರು, ಇಮ್ಮಡಿ ಕೆಂಪೇಗೌಡರದೆಂದು ಕೆಲವರು. ಊರು ಇಲ್ಲಿಯವರೆಗೆ ಬೆಳೆಯುತ್ತದೆ, ಇದನ್ನು ದಾಟಿದರೆ ಕೇಡು ಎಂಬ ನುಡಿ ಅವುಗಳ ಬೆನ್ನಿಗೆ ಅಂಟಿಕೊಂಡಿದೆ. ರೋಮ್ ತನ್ನ ಎಲ್ಲೆಯನ್ನು ದಾಟಿದ್ದು ಬೇರೆ ರೀತಿಯಲ್ಲಿ. ರೊಮುಲಸ್ ಉತ್ತ ಸಾಲಿನ ಗಡಿಯನ್ನು ವಿಸ್ತರಿಸುವ ಹಕ್ಕು ಸಾಮ್ರಾಜ್ಯವನ್ನು ಬೆಳೆಸಿದವನಿಗೆ ಮಾತ್ರ ಇತ್ತು. ವಿಸ್ತರಿಸಿದರೆ ಹೊಸ ಗಡಿಗಲ್ಲು ನೆಡಬೇಕಿತ್ತು. ಕ್ರಿ.ಶ. 49ರಲ್ಲಿ ಚಕ್ರವರ್ತಿ ಕ್ಲಾಡಿಯಸ್ ಹಾಗೆ ನೆಡಿಸಿದ ಕಲ್ಲುಗಳಲ್ಲೊಂದು 2021ರಲ್ಲಿ ರೋಮಿನಲ್ಲಿ ಚರಂಡಿ ಕೆಲಸಕ್ಕೆಂದು ಅಗೆಯುವಾಗ ಸಿಕ್ಕಿತು. ಅದೇ ಕ್ಲಾಡಿಯಸ್‌ನ ನಾಣ್ಯಗಳು, ಆಗಸ್ಟಸ್ ಮತ್ತು ಟೈಬೀರಿಯಸ್‌ರವುಗಳ ಜೊತೆ, ನಮ್ಮ ಮಲ್ಲೇಶ್ವರದ ಮಗ್ಗುಲಲ್ಲಿರುವ ಯಶವಂತಪುರದ ನೆಲದಲ್ಲೂ ಸಿಕ್ಕಿವೆ. ಕೆಂಪೇಗೌಡರಿಗಿಂತ ಒಂದೂವರೆ ಸಾವಿರ ವರ್ಷ ಮೊದಲೇ, ಊರಿನ್ನೂ ಊರಾಗದ ಮಣ್ಣಿಗೆ ರೋಮಿನ ಬೆಳ್ಳಿ ಬಂದಿತ್ತು.

ಬೆಂಗಳೂರು ಗೋಪುರಗಳನ್ನು ದಾಟುವಾಗ ಯಾವ ಶಾಸ್ತ್ರವನ್ನೂ ಮಾಡಲಿಲ್ಲ. 1892ರಲ್ಲಿ ಚಾಮರಾಜಪೇಟೆ ಬಂತು, ಹತ್ತನೇ ಚಾಮರಾಜ ಒಡೆಯರ ಹೆಸರಿನಲ್ಲಿ. 1898ರ ಆಗಸ್ಟಿನಲ್ಲಿ ಪ್ಲೇಗು ಹೊಕ್ಕಾಗ ಇಕ್ಕಟ್ಟಿನ ಪೇಟೆಯಿಂದ ಜನ ಹೊರಗೆ ಬಂದರು; ಬಸವನಗುಡಿ, ಮಲ್ಲೇಶ್ವರ ಅಗಲ ರಸ್ತೆ, ಗಾಳಿ ಬೆಳಕಿನ ಮನೆ, ಹಿತ್ತಿಲ ಓಣಿಗಳೊಂದಿಗೆ ಬೆಳೆದವು. ಈ ಬಡಾವಣೆಗಳಿಗೆ ಮೊಲವಿಲ್ಲ, ನೇಗಿಲಿಲ್ಲ. ಇರುವುದು ಸರ್ಕಾರದ ನಕ್ಷೆ. ಆದರೂ ಜನ ಸುಮ್ಮನಿರಲಿಲ್ಲ, ಪ್ಲೇಗಮ್ಮನಿಗೆ ಗುಡಿ ಕಟ್ಟಿದರು. ಸತ್ತವರಿಗೂ ಉಳಿದವರಿಗೂ ನಡುವೆ ಒಬ್ಬ ದೇವತೆಯನ್ನು ಕೂರಿಸಿದರು. ಮಲ್ಲೇಶ್ವರಕ್ಕೆ ಹೆಸರು ಕೊಟ್ಟ ಕಾಡುಮಲ್ಲೇಶ್ವರ ಇದಕ್ಕಿಂತ ಬಹಳ ಹಳಬ. ಶಿವಾಜಿಯ ಮಲಸೋದರ ಏಕೋಜಿ 1669ರಲ್ಲಿ ಮಲ್ಲಾಪುರದ ಮಲ್ಲಿಕಾರ್ಜುನನಿಗೆ ಹಳ್ಳಿಯೊಂದನ್ನು ದತ್ತಿ ಬಿಟ್ಟದ್ದನ್ನು ಶಾಸನ ಹೇಳುತ್ತದೆ.

ಈ ಎರಡು ಬಡಾವಣೆಗಳನ್ನು ಒಂದು ಹೊಳೆ ಕೂಡಿಸುತ್ತದೆ. ದೊಡ್ಡ ಬಸವನ ಪಾದದಲ್ಲಿ ವೃಷಭಾವತಿ ಹುಟ್ಟುತ್ತಾಳೆ ಎಂಬುದು ಬಸವನಗುಡಿಯ ನಂಬಿಕೆ. ಕಾಡುಮಲ್ಲೇಶ್ವರನ ಎದುರಿನ ನಂದಿತೀರ್ಥದಲ್ಲಿ ಬಸವನ ಬಾಯಿಂದ ಬೀಳುವ ನೀರೇ ಅವಳ ಮೂಲ ಎಂಬುದು ಮಲ್ಲೇಶ್ವರದ ನಂಬಿಕೆ. ಊರ ತೆಂಕಣಕ್ಕೂ ಬಡಗಣಕ್ಕೂ ಹರಡಿದ ತೊರೆಗಳು ಸೇರಿ ಆದ ನದಿಯಾದ್ದರಿಂದ ಇಬ್ಬರೂ ತಮ್ಮ ತಮ್ಮ ಬಸವನನ್ನು ಬಿಟ್ಟುಕೊಡಬೇಕಾಗಿಲ್ಲ. ಟೈಬರ್ ಹೊಳೆಯ ದಡಕ್ಕೆ ತೇಲಿಬಂದ ಅವಳಿ ಮಕ್ಕಳಿಂದ ರೋಮಿನ ಕಥೆ ಶುರುವಾಗುತ್ತದೆ. ನಮ್ಮ ಹೊಳೆಗೆ ಇರುವುದು ಹುಟ್ಟಿನ ಕಥೆ ಮಾತ್ರ. ನಾವು ಅವಳಿಗೆ ಮಾಡಿದ್ದರ ಕಥೆಯನ್ನು ಇನ್ನೂ ಯಾರೂ ಕಟ್ಟಿಲ್ಲ. ಮೈಸೂರು ರಸ್ತೆಯ ಮಗ್ಗುಲಲ್ಲಿ ಕಪ್ಪಗೆ ನೊರೆಗಟ್ಟಿ ಹರಿಯುವ ಆ ನೀರು ಪಟ್ಟಣದ ಕೊಳಚೆಯನ್ನೂ ಕಾರ್ಖಾನೆಗಳ ಕಲ್ಮಶವನ್ನೂ ಹೊತ್ತು ಬಿಡದಿಯಾಚೆಯ ಬೈರಮಂಗಲದ ಕೆರೆಗೆ ಹೋಗಿ ತುಂಬುತ್ತದೆ. ಅಲ್ಲಿಂದ ಅರ್ಕಾವತಿಗೆ, ಅರ್ಕಾವತಿಯಿಂದ ಕಾವೇರಿಗೆ. ನೀರಾವರಿಗೆಂದು ಕಟ್ಟಿದ ಆ ಕೆರೆಯ ಕೆಳಗಿನ ರೈತರು ದಶಕಗಳಿಂದ ಇದೇ ನೀರನ್ನು ಗದ್ದೆಗೆ ಹಾಯಿಸಿಕೊಂಡು, ಬತ್ತ ಕಬ್ಬು ಬಿಟ್ಟು ಹೆಚ್ಚುಹೆಚ್ಚಾಗಿ ದನದ ಮೇವು, ಎಳೆಜೋಳದ ಕಡೆಗೆ ಹೊರಳಿದ್ದಾರೆ. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಮನೆಮನೆಯ ಬಚ್ಚಲ ನೀರಿಗೂ ಅವರ ಹೊಲಗಳಿಗೂ ನೇರ ಸಂಬಂಧವಿದೆ, ಮತ್ತು ಆ ಲೆಕ್ಕದಲ್ಲಿ ನಮ್ಮ ಕಡೆಯಿಂದ ಇನ್ನೂ ಏನೂ ಸಂದಾಯವಾಗಿಲ್ಲ.